ಎಣ್ಣೆಬಣ್ಣದಲ್ಲಿ ಕಿಮೋನೊ

ಜಪಾನಿನ ಹೆಂಗಸು ಎಂದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣ ಮುಂದೆ ಒಂದೇ ಚಿತ್ರ ಬಂದು ನಿಲ್ಲುತ್ತದೆ. ಎತ್ತಿ ಕಟ್ಟಿದ ಮುಡಿ, ಅಗಲವಾದ ತೋಳುಗಳ ನಿಲುವಂಗಿ, ಬೆನ್ನ ಮೇಲೆ ದೊಡ್ಡ ಗಂಟಾಗಿ ಕುಳಿತ ನಡುಪಟ್ಟಿ, ಕೈಯಲ್ಲೊಂದು ಬೀಸಣಿಗೆ. ಕ್ಯಾಲೆಂಡರಿನಲ್ಲೋ ಪಿಂಗಾಣಿಯ ಬಟ್ಟಲ ಮೇಲೋ ಎಂದೋ ಕಂಡದ್ದು ಮನಸ್ಸಿನಲ್ಲಿ ಹಾಗೆಯೇ ಅಚ್ಚಾಗಿ ಉಳಿದಿರುತ್ತದೆ. ಅಚ್ಚಾಗಿ ಎಂಬ ಮಾತು ಇಲ್ಲಿ ಅಕ್ಷರಶಃ ಸರಿ. ಏಕೆಂದರೆ ಆ ರೂಪವನ್ನು ಲೋಕಕ್ಕೆ ಹಂಚಿದ್ದು ಜಪಾನಿನ ಮರದಚ್ಚಿನ ಚಿತ್ರಗಳು. ಅದೇ ಹೆಂಗಸನ್ನು, ಅದೇ ಉಡುಪಿನಲ್ಲಿ, ಎಣ್ಣೆಬಣ್ಣದಿಂದ ಬರೆಯಹೊರಟವರ ಪಾಡು ಬೇರೆಯಾಯಿತು. ಆ ಪ್ರಯತ್ನದ ಕಥೆ ಚಿತ್ರಕಲೆಯ ಇತಿಹಾಸದಲ್ಲಿ ಒಂದು ಸಣ್ಣ ಅಧ್ಯಾಯವೆಂದು ಯಾರಾದರೂ ಹೇಳಬಹುದು. ಆದರೆ ಅದನ್ನು ಓದುತ್ತ ಹೋದಂತೆ, ಒಂದು ದೇಶ ತನ್ನ ಮುಖವನ್ನು ಪರರ ಕನ್ನಡಿಯಲ್ಲಿ ನೋಡಿಕೊಂಡು ಬೆಚ್ಚಿದ ಕಥೆಯೂ ಅದೇ ಎಂದು ನನಗೆ ತೋರಿದೆ.

ಮೊದಲು ಬಟ್ಟೆಯ ವಿಷಯ. ಕಿಮೋನೊ ಎಂದರೆ ಜಪಾನೀ ಭಾಷೆಯಲ್ಲಿ ‘ತೊಡುವ ವಸ್ತು’ ಎಂದಷ್ಟೇ ಅರ್ಥ. ಸುಮಾರು 36 ಸೆಂಟಿಮೀಟರ್ ಅಗಲ, 12 ಮೀಟರ್ ಉದ್ದದ ಒಂದು ಸುರುಳಿ ಬಟ್ಟೆಯನ್ನು ನೇರವಾದ ಗೆರೆಗಳಲ್ಲೇ ಕತ್ತರಿಸಿ, ನೇರವಾದ ಗೆರೆಗಳಲ್ಲೇ ಹೊಲಿದು ಅದನ್ನು ಮಾಡುತ್ತಾರೆ. ಐರೋಪ್ಯ ದರ್ಜಿಯಂತೆ ಎದೆಗೊಂದು ಬಾಗು, ನಡುವಿಗೊಂದು ಬಾಗು ಎಂದು ಕತ್ತರಿಸುವ ಪದ್ಧತಿ ಅಲ್ಲಿಲ್ಲ. ತೊಟ್ಟಮೇಲೆ ಅದು ಮೈಯ ಏರುತಗ್ಗುಗಳನ್ನು ತೋರಿಸುವುದಿಲ್ಲ, ಮುಚ್ಚಿಬಿಡುತ್ತದೆ. ‘ಓಬಿ’ ಎಂಬ ನಡುಪಟ್ಟಿ ಬಿಗಿದೊಡನೆ ದೇಹ ಒಂದು ಕಂಬದಂತಾಗುತ್ತದೆ. ಆ ಕಂಬದ ಮೇಲೆ ಬಟ್ಟೆಯ ಚಿತ್ತಾರ ಹಾಸಿಕೊಳ್ಳುತ್ತದೆ. ಬಿಚ್ಚಿ ಮಡಿಸಿದರೆ ಚಪ್ಪಟೆಯಾದ ಆಯಾಕಾರ. ನೇತುಹಾಕಿದರೆ ಗೋಡೆಯ ಮೇಲಿನ ಪಟ.

ಇಂಥ ಉಡುಪಿಗೆ ಮರದಚ್ಚಿನ ಚಿತ್ರ ಹೇಳಿಮಾಡಿಸಿದಂತಿತ್ತು. 1806ರಲ್ಲಿ ತೀರಿಕೊಂಡ ಉತಾಮಾರೊ ಮೊದಲಾದವರು ಸುಂದರಿಯರನ್ನು ಬರೆದಾಗ ಅವರಿಗೆ ಬೇಕಾದದ್ದು ಗೆರೆ ಮತ್ತು ಸಮತಲವಾದ ಬಣ್ಣ. ನೆರಳನ್ನು ಅವರು ಬರೆಯಲೇ ಇಲ್ಲ. ಮುಖಕ್ಕೆ ನಾಲ್ಕಾರು ಗೆರೆ ಸಾಕು. ಒಬ್ಬ ಸುಂದರಿಯ ಮುಖಕ್ಕೂ ಇನ್ನೊಬ್ಬಳ ಮುಖಕ್ಕೂ ವ್ಯತ್ಯಾಸ ಎಳ್ಳಿನಷ್ಟು. ಗುರುತು ಹಿಡಿಯಬೇಕಾದದ್ದು ಬಟ್ಟೆಯ ಚಿತ್ತಾರದಿಂದ, ಮುಡಿಯ ಕಡ್ಡಿಗಳಿಂದ, ಮೂಲೆಯಲ್ಲಿ ಬರೆದ ಹೆಸರಿನಿಂದ.

ಎಣ್ಣೆಬಣ್ಣದ ಸ್ವಭಾವ ಇದಕ್ಕೆ ತೀರ ವಿರುದ್ಧ. ಅದು ನಿಧಾನವಾಗಿ ಒಣಗುತ್ತದೆ. ಆದ್ದರಿಂದ ಬೆಳಕಿನಿಂದ ನೆರಳಿಗೆ ಬಣ್ಣವನ್ನು ತೇಯ್ದು ತೇಯ್ದು ಒಯ್ಯಬಹುದು. ಪದರದ ಮೇಲೆ ಪದರ ಹಾಕಿ ಗಲ್ಲಕ್ಕೆ ಗುಂಡಗಾದ ತುಂಬು, ರೇಷ್ಮೆಗೆ ಹೊಳಪು, ಲೋಹಕ್ಕೆ ತಣ್ಣನೆಯ ಮಿಂಚು ತರಬಹುದು. ಯೂರೋಪಿನಲ್ಲಿ ನಾಲ್ಕು ಶತಮಾನಗಳ ಕಾಲ ಈ ಮಾಧ್ಯಮ ಬೆಳೆದದ್ದೇ ದೇಹದ ತುಂಬನ್ನೂ ಬಟ್ಟೆಯ ನೆರಿಗೆಯನ್ನೂ ಬರೆಯುವುದಕ್ಕಾಗಿ. ಇಲ್ಲಿ ನಮ್ಮ ರವಿವರ್ಮನನ್ನು ನೆನೆಯದಿರಲಾರೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಅವನ ಚಿತ್ರಗಳನ್ನು ನೋಡಿದವರಿಗೆ ಸೀರೆ ಎಣ್ಣೆಬಣ್ಣಕ್ಕೆ ಎಷ್ಟು ಸುಲಭವಾಗಿ ಒಗ್ಗಿತೆಂಬುದು ಗೊತ್ತಿದೆ. ಸೀರೆ ಮೈಗೆ ಸುತ್ತಿಕೊಳ್ಳುತ್ತದೆ, ನೆರಿಗೆಯಾಗುತ್ತದೆ, ಸೆರಗಾಗಿ ಇಳಿಯುತ್ತದೆ. ಗ್ರೀಸು ರೋಮುಗಳ ಶಿಲ್ಪದ ವಸ್ತ್ರವನ್ನು ಬರೆದು ಪಳಗಿದ ಕುಂಚಕ್ಕೆ ಅದು ಹೊಸತಲ್ಲ. ಕಿಮೋನೊ ಹಾಗಲ್ಲ. ಅದರ ಮೇಲೆ ನೆರಳು ಬಿದ್ದರೆ ಚಿತ್ತಾರ ಒಡೆಯುತ್ತದೆ. ಚಿತ್ತಾರವನ್ನು ಉಳಿಸಿದರೆ ಒಳಗಿನ ದೇಹ ಮಾಯವಾಗುತ್ತದೆ. ಎರಡರಲ್ಲಿ ಒಂದನ್ನು ಬಿಡಲೇಬೇಕು ಎಂಬಂಥ ಇಕ್ಕಟ್ಟು ಅದು.

ಯೂರೋಪಿನವರು ಈ ಇಕ್ಕಟ್ಟನ್ನು ಮೊದಲು ಎದುರಿಸಿದರು; ಎದುರಿಸಿದರು ಎನ್ನುವುದಕ್ಕಿಂತ ಅದರೊಡನೆ ಆಟವಾಡಿದರು ಎನ್ನುವುದೇ ಸರಿ. ಜಪಾನಿನ ಬಂದರುಗಳು ತೆರೆದಮೇಲೆ ಪ್ಯಾರಿಸ್ ಮತ್ತು ಲಂಡನ್ನಿನ ಅಂಗಡಿಗಳಿಗೆ ಬೀಸಣಿಗೆ, ಪಿಂಗಾಣಿ, ಕಿಮೋನೊಗಳು ಬಂದವು. ಅಮೆರಿಕದಿಂದ ಬಂದು ಲಂಡನ್ನಿನಲ್ಲಿ ನೆಲೆಸಿದ್ದ ವಿಸ್ಲರ್ 1865ರ ಹೊತ್ತಿಗೆ ಮುಗಿಸಿದ ‘ಪಿಂಗಾಣಿಯ ನಾಡಿನ ರಾಜಕುಮಾರಿ’ ಎಂಬ ಚಿತ್ರದಲ್ಲಿ ಕಿಮೋನೊ ಉಟ್ಟು ನಿಂತವಳು ಕ್ರಿಸ್ಟಿನಾ ಸ್ಪಾರ್ಟಾಲಿ ಎಂಬ ಗ್ರೀಕ್ ಮನೆತನದ ಯುವತಿ. 1876ರಲ್ಲಿ ಮೋನೆ ತನ್ನ ಹೆಂಡತಿ ಕಮೀಲಳಿಗೆ ಉರಿಗೆಂಪಿನ ಭಾರಿ ಮೇಲಂಗಿ ತೊಡಿಸಿ, ಕೈಗೆ ಬೀಸಣಿಗೆ ಕೊಟ್ಟು, ಗೋಡೆಯ ತುಂಬ ಬೀಸಣಿಗೆಗಳನ್ನು ಅಂಟಿಸಿ, ಎರಡೂಕಾಲು ಮೀಟರಿಗೂ ಎತ್ತರವಾದ ಚಿತ್ರವೊಂದನ್ನು ಬರೆದ. ಕಮೀಲಳ ಕೂದಲು ಕಪ್ಪು. ಚಿತ್ರಕ್ಕಾಗಿ ಅವಳು ಹೊಂಬಣ್ಣದ ಟೋಪನ್ನು ಇಟ್ಟುಕೊಂಡಳು. ಅಂಗಿಯ ಮೇಲೆ ಕಸೂತಿಯಲ್ಲಿ ಒಬ್ಬ ಯೋಧ ಕತ್ತಿ ಹಿಡಿದು ಹುಬ್ಬು ಗಂಟಿಕ್ಕಿದ್ದಾನೆ. ಆ ಚಿತ್ರದಲ್ಲಿ ನಿಜವಾಗಿ ಜೀವವಿರುವವನು ಆ ಕಸೂತಿಯ ಯೋಧನೇ! ಕಮೀಲ ನಗುತ್ತಾಳೆ, ಸರಿ. ಆದರೆ ವೇಷ ಹಾಕಿದವಳ ನಗೆ ಅದು. ವಯಸ್ಸಾದಮೇಲೆ ಮೋನೆಯೇ ಆ ಚಿತ್ರವನ್ನು ಹೀಗಳೆದ.

ಈ ಚಿತ್ರ ಈಗ ಅಮೆರಿಕದ ಬಾಸ್ಟನ್ ನಗರದ ಲಲಿತಕಲಾ ಸಂಗ್ರಹಾಲಯದಲ್ಲಿದೆ. 2015ರಲ್ಲಿ ಅಲ್ಲಿನವರು ಅದೇ ಮಾದರಿಯ ಕಿಮೋನೊ ಮಾಡಿಸಿಟ್ಟು, ಬಂದವರು ತೊಟ್ಟು ಚಿತ್ರದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬಹುದೆಂದರು. ಇದು ಪೂರ್ವದೇಶದವರನ್ನು ಆಟದ ಗೊಂಬೆಯಾಗಿ ಕಾಣುವ ಹಳೆಯ ಚಾಳಿ ಎಂದು ಕೆಲವರು ಪ್ರತಿಭಟಿಸಿದರು, ತೊಡುವುದನ್ನು ನಿಲ್ಲಿಸಬೇಕಾಯಿತು. ಇಷ್ಟೇಕೆ ಕೋಪ ಎಂದು ಪ್ರತಿಭಟನೆಯ ವಿರುದ್ಧ ಮಾತನಾಡಿದವರೂ ಇದ್ದರು, ಅವರಲ್ಲಿ ಜಪಾನೀಯರೂ ಇದ್ದರು. ಆ ಜಗಳದಲ್ಲಿ ತೀರ್ಪು ಹೇಳುವುದು ನನ್ನ ಕೆಲಸವಲ್ಲ. ಕಿಮೋನೊದ ಒಳಗೆ ಯಾರಿದ್ದಾರೆ ಎಂಬ ಪ್ರಶ್ನೆ ನೂರ ನಲವತ್ತು ವರ್ಷವಾದರೂ ಆರಿರಲಿಲ್ಲ ಎಂಬುದಷ್ಟೇ ನಾನು ಗಮನಿಸಿದ್ದು.

ಈಗ ಜಪಾನಿಗೆ ಬರೋಣ. ಅಲ್ಲಿ ಈ ಪ್ರಶ್ನೆಗೆ ಮೊದಲು ಕೈಯಿಟ್ಟವನು ತಕಹಾಶಿ ಯೂಯಿಚಿ. 1828ರಲ್ಲಿ ಸಾಮುರಾಯ್ ಮನೆತನದಲ್ಲಿ ಹುಟ್ಟಿದ ಇವನು ಪಾಶ್ಚಾತ್ಯ ಶಿಲಾಮುದ್ರಣದ ಚಿತ್ರವೊಂದನ್ನು ಕಂಡು, ಅದರಲ್ಲಿನ ಯಥಾರ್ಥತೆಗೆ ಬೆರಗಾದ. ಕತ್ತಿಯನ್ನು ಬಿಟ್ಟು ಕುಂಚ ಹಿಡಿದ. ಸರಕಾರದ ಸಂಸ್ಥೆಯಲ್ಲಿ ಕಲಿತದ್ದು ಸಾಲದೆ, ನಲವತ್ತರ ಹತ್ತಿರದ ವಯಸ್ಸಿನಲ್ಲಿ ಯೊಕೊಹಾಮಕ್ಕೆ ಹೋಗಿ ಅಲ್ಲಿದ್ದ ಚಾರ್ಲ್ಸ್ ವರ್ಗ್‌ಮನ್ ಎಂಬ ಇಂಗ್ಲಿಷ್ ಚಿತ್ರಕಾರನ ಶಿಷ್ಯನಾದ. ತೂಗುಹಾಕಿದ ಒಂದು ಉಪ್ಪುಮೀನನ್ನು ಅವನು ಬರೆದಿರುವ ರೀತಿಯನ್ನು ಇಂದಿಗೂ ಜಪಾನೀಯರು ಕೊಂಡಾಡುತ್ತಾರೆ.

1872ರಲ್ಲಿ ಅವನಿಗೊಂದು ಕೋರಿಕೆ ಬಂತು. ರಾಜಧಾನಿಯ ಯೋಶಿವಾರ ಎಂಬ ವೇಶ್ಯಾವಾಟಿಕೆಯಲ್ಲಿ ‘ಓಯಿರಾನ್’ ಎಂದು ಕರೆಸಿಕೊಳ್ಳುವ ಉನ್ನತ ದರ್ಜೆಯ ಗಣಿಕೆಯರಿದ್ದರು. ಅವರ ಹಳೆಯ ಮುಡಿಯ ಕಟ್ಟು ಮರೆಯಾಗುತ್ತಿದೆಯಲ್ಲ ಎಂದು ನೊಂದವರೊಬ್ಬರು, ಅದನ್ನು ಎಣ್ಣೆಬಣ್ಣದಲ್ಲಿ ಹಿಡಿದಿಡು ಎಂದು ಕೇಳಿಕೊಂಡರು. ಕೊಯಿನ ಎಂಬ ಗಣಿಕೆ ಬಂದು ಕುಳಿತಳು. ತಕಹಾಶಿ ಮುಡಿಯಲ್ಲಿ ಸಿಕ್ಕಿಸಿದ ಆಮೆಚಿಪ್ಪಿನ ಕಡ್ಡಿಗಳನ್ನು ಒಂದೊಂದಾಗಿ ಬರೆದ. ಪದರ ಪದರವಾದ ಉಡುಪಿನ ಕಸೂತಿಗೆ ಬಣ್ಣವನ್ನು ದಪ್ಪವಾಗಿ ಮೆತ್ತಿದ. ಮುಖವನ್ನೂ ಅಷ್ಟೇ ನಿಷ್ಠೆಯಿಂದ ಬರೆದ. ಎದ್ದು ಕಾಣುವ ಕೆನ್ನೆಯ ಎಲುಬು, ದಣಿದ ಕಣ್ಣು, ಬಿಗಿದ ತುಟಿ, ಬಿಳಿಯ ಲೇಪನದ ಕೆಳಗಿನ ಚರ್ಮ, ಎಲ್ಲವೂ ಬಂದವು. ಚಿತ್ರವನ್ನು ಕಂಡ ಕೊಯಿನ, ನನ್ನ ಮುಖ ಹೀಗಿಲ್ಲ ಎಂದು ಸಿಟ್ಟಾಗಿ ಅತ್ತಳೆಂದು ಪ್ರತೀತಿ.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ನಕ್ಕು ಮುಂದೆ ಹೋಗುತ್ತಾರೆ. ನನಗೇಕೋ ನಗು ಬರುವುದಿಲ್ಲ. ಕೊಯಿನಳ ಪಾಲಿಗೆ ಚಿತ್ರವೆಂದರೆ ಮರದಚ್ಚಿನ ಚಿತ್ರ. ಅದರಲ್ಲಿ ಯಾವ ಗಣಿಕೆಗೂ ದಣಿವಿರಲಿಲ್ಲ. ಉಡುಪಿನ ವೈಭವ ಎಂದರೆ ಅವಳ ಮರ್ಯಾದೆ, ಅವಳ ಮರೆ. ಎಣ್ಣೆಬಣ್ಣ ಆ ಮರೆಯನ್ನು ಸರಿಸಿ ಒಳಗಿದ್ದವಳನ್ನು ತೋರಿಸಿಬಿಟ್ಟಿತು. ಅದೇ 1872ರಲ್ಲಿ ಜಪಾನ್ ಸರಕಾರ ಗಣಿಕೆಯರನ್ನು ಜೀತದ ಕರಾರುಗಳಿಂದ ಬಿಡುಗಡೆ ಮಾಡುವ ಆಜ್ಞೆ ಹೊರಡಿಸಿತು. ದಂಧೆ ಮಾತ್ರ ಬೇರೆ ಹೆಸರಿನಲ್ಲಿ ನಡೆಯಿತು. ಆಜ್ಞೆಯ ಭಾಷೆ ಹೇಳಲಾರದ ಸತ್ಯವನ್ನು ತಕಹಾಶಿಯ ಕುಂಚ ಹೇಳಿತೆನ್ನಬೇಕು. ಆದರೆ ಆ ಸತ್ಯದ ಬೆಲೆ ತೆತ್ತವಳು ಕುಳಿತವಳು.

ಅದೇ ವರ್ಷ ಚಕ್ರವರ್ತಿ ಮೇಜಿಯ ಫೋಟೋ ತೆಗೆಸಿದಾಗ ಅವನು ಆಸ್ಥಾನದ ಸಾಂಪ್ರದಾಯಿಕ ಉಡುಪಿನಲ್ಲಿದ್ದ. ಮರುವರ್ಷದ ಫೋಟೋದಲ್ಲಿ ಪಾಶ್ಚಾತ್ಯ ಸೈನಿಕ ಸಮವಸ್ತ್ರದಲ್ಲಿದ್ದಾನೆ. ಗಂಡಸರು ಕಚೇರಿಗೆ ಕೋಟು ತೊಟ್ಟರು. 1887ರಲ್ಲಿ ಮಹಾರಾಣಿಯೇ, ಪಾಶ್ಚಾತ್ಯರ ಮೇಲಂಗಿ ಲಂಗಗಳೇ ಜಪಾನಿನ ಪ್ರಾಚೀನ ಉಡುಪಿಗೆ ಹೆಚ್ಚು ಹತ್ತಿರವೆಂದು ಬರೆದು ಹೆಂಗಸರಿಗೆ ಸಲಹೆ ಕೊಟ್ಟಳು. ಅದುವರೆಗೆ ಬರಿಯ ‘ತೊಡುವ ವಸ್ತು’ ಆಗಿದ್ದದ್ದು ಈಗ ‘ಜಪಾನೀ ಉಡುಪು’ ಆಯಿತು. ನಿತ್ಯದ ಬಟ್ಟೆ ರಾಷ್ಟ್ರದ ಲಾಂಛನವಾದಾಗ ಅದನ್ನು ಬರೆಯುವುದು ಇನ್ನೂ ಕಷ್ಟ. ಬರೆದವನು ಯಾವ ಪಕ್ಷದವನು ಎಂದು ಜನ ಕೇಳತೊಡಗುತ್ತಾರೆ.

ಕೇಳಿಯೂ ಕೇಳಿದರು. 1876ರಲ್ಲಿ ಸರಕಾರ ಇಟಲಿಯಿಂದ ಫೊಂತನೇಸಿ ಎಂಬ ಚಿತ್ರಕಾರನನ್ನು ಕರೆಸಿ ಕಲಾಶಾಲೆ ತೆರೆಯಿತು. ಎರಡೇ ವರ್ಷದಲ್ಲಿ ಆತ ಹಿಂದಿರುಗಿದ, 1883ರಲ್ಲಿ ಶಾಲೆ ಮುಚ್ಚಿತು. 1882ರಲ್ಲಿ ಅಮೆರಿಕದಿಂದ ಬಂದಿದ್ದ ಅಧ್ಯಾಪಕ ಫೆನೊಲೋಸಾ, ಜಪಾನೀ ಚಿತ್ರಕಲೆ ಎಣ್ಣೆಬಣ್ಣಕ್ಕಿಂತ ಮೇಲೆಂದು ಭಾಷಣ ಮಾಡಿದ. ಅವನೂ ಒಕಕುರಾ ಕಕುಜೊನೂ ಸೇರಿ ರೂಪಿಸಿದ ಟೋಕಿಯೋ ಕಲಾಶಾಲೆ 1889ರಲ್ಲಿ ತೆರೆದಾಗ ಅದರಲ್ಲಿ ಪಾಶ್ಚಾತ್ಯ ಚಿತ್ರಕಲೆಗೆ ಎಡೆಯೇ ಇರಲಿಲ್ಲ. ಹೊಸದಕ್ಕೆ ಬಾಗಿಲು ತೆರೆ ಎಂದವನು ದೇಶದ ಚಿತ್ರಕಾರ, ಬೇಡ ಎಂದವನು ಪರದೇಶದ ಪಂಡಿತ! ಇತಿಹಾಸದಲ್ಲಿ ಇಂಥ ವಿನೋದಗಳು ನಡೆಯುತ್ತಲೇ ಇರುತ್ತವೆ.

ಈ ಗೊಂದಲದ ನಡುವೆ 1893ರಲ್ಲಿ ಕುರೋದ ಸೇಕಿ ಸ್ವದೇಶಕ್ಕೆ ಮರಳಿದ. 1884ರಲ್ಲಿ ನ್ಯಾಯಶಾಸ್ತ್ರ ಓದಲೆಂದು ಪ್ಯಾರಿಸ್ಸಿಗೆ ಹೋದ ಹದಿನೇಳರ ಹುಡುಗ, ಅಲ್ಲಿ ರಫಾಯೆಲ್ ಕೊಲ್ಯಾಂನ ಬಳಿ ಚಿತ್ರಕಲೆ ಕಲಿತು ಬಂದಿದ್ದ. ಕೊಲ್ಯಾಂ ಶಾಸ್ತ್ರೀಯ ಪದ್ಧತಿಯವನೇ. ಆದರೆ ಹೊರಬಯಲಿನ ಬೆಳಕನ್ನು ತನ್ನ ಚಿತ್ರಗಳಿಗೆ ಬಿಟ್ಟುಕೊಂಡಿದ್ದ. ಮರಳಿದ ವರ್ಷವೇ ಕುರೋದ ಕ್ಯೋಟೋವಿಗೆ ಹೋದ. ತನ್ನ ದೇಶದ ಹಳೆಯ ರಾಜಧಾನಿಯನ್ನು ಪರದೇಶದ ಪ್ರವಾಸಿಯ ಕುತೂಹಲದಿಂದ ನೋಡಿದ. ಅಲ್ಲಿ ಬರೆದ ‘ಮೈಕೊ’ ಎಂಬ ಚಿತ್ರದಲ್ಲಿ ನಾಟ್ಯ ಕಲಿಯುತ್ತಿರುವ ಎಳೆಯ ಹುಡುಗಿಯೊಬ್ಬಳು ಕಿಟಕಿಯ ಬಳಿ ಕುಳಿತಿದ್ದಾಳೆ. ಹಿಂದೆ ಕಾಮೊ ನದಿಯ ನೀರು ಹೊಳೆಯುತ್ತಿದೆ. ಬೆಳಕು ಬೆನ್ನ ಕಡೆಯಿಂದ ಬರುತ್ತಿರುವುದರಿಂದ ಉಡುಪಿನ ಬಣ್ಣಗಳು ನೆರಳಿನಲ್ಲೇ ಮಿನುಗುತ್ತವೆ. ಜಾಣತನದ ಚಿತ್ರ, ಸುಂದರವಾದ ಚಿತ್ರ. ಆದರೂ ಅದರಲ್ಲಿ ಹೊರಗಿನಿಂದ ಬಂದವನ ಬೆರಗು ಉಳಿದಿದೆ ಎಂದು ನನ್ನ ಭಾವನೆ. ಮೋನೆಗೆ ಕೆಂಪು ಅಂಗಿ ಹೇಗೋ ಕುರೋದನಿಗೆ ಕ್ಯೋಟೋ ಹಾಗೆ.

ಇದಾದ ನಾಲ್ಕು ವರ್ಷಕ್ಕೆ, 1897ರ ಬೇಸಗೆಯಲ್ಲಿ, ಹಕೋನೆಯ ಬೆಟ್ಟಗಳ ನಡುವೆ ಆಶಿ ಸರೋವರದ ದಡದಲ್ಲಿ ಆ ಬೆರಗು ಕರಗಿತು. ಮುಂದೆ ಅವನ ಮಡದಿಯಾದ ತಾನೆಕೊ ಜೊತೆಯಲ್ಲಿದ್ದಳು. ಅವನು ಚಿತ್ರ ಬರೆಯುತ್ತಿದ್ದ ಕಡೆಗೆ ತಾನು ನೋಡಲು ಹೋದಾಗ, ಅಲ್ಲಿನ ಕಲ್ಲಿನ ಮೇಲೆ ಕುಳಿತುಕೋ ಎಂದನೆಂದೂ, ಕುಳಿತೊಡನೆ ನಾಳೆಯಿಂದ ಇದನ್ನೇ ಬರೆಯುತ್ತೇನೆಂದನೆಂದೂ, ಮಳೆ ಮಂಜುಗಳ ಅಡ್ಡಿಯಿಂದ ಚಿತ್ರ ಮುಗಿಯಲು ಒಂದು ತಿಂಗಳಷ್ಟು ಹಿಡಿಯಿತೆಂದೂ ಆಕೆ ಮುಂದೆ ನೆನೆಸಿಕೊಂಡಿದ್ದಾಳೆ. ಹೀಗೆ ಹುಟ್ಟಿದ್ದು ‘ಸರೋವರದ ದಡದಲ್ಲಿ’ ಎಂದು ಹೆಸರಾದ ಚಿತ್ರ. ಅಳತೆ ದೊಡ್ಡದಲ್ಲ: 69 ಸೆಂಟಿಮೀಟರ್ ಎತ್ತರ, ಸುಮಾರು 85 ಸೆಂಟಿಮೀಟರ್ ಅಗಲ.

ಅದರ ಮುದ್ರಿತ ಪ್ರತಿಯೊಂದನ್ನು ನಾನು ಅನೇಕ ಸಲ ನೋಡಿದ್ದೇನೆ. ಮೊದಲ ನೋಟಕ್ಕೆ ಅದರಲ್ಲಿ ಏನೂ ನಡೆಯುವುದಿಲ್ಲ. ಒಬ್ಬ ಯುವತಿ ಕುಳಿತಿದ್ದಾಳೆ, ಕೈಯಲ್ಲಿ ದುಂಡಗಿನ ಬೀಸಣಿಗೆ, ನೋಟ ಎಲ್ಲೋ ದೂರಕ್ಕೆ. ಹಿಂದೆ ಅಲೆಯಿಲ್ಲದ ನೀರು, ಆಚೆ ದಡದ ಬೆಟ್ಟ. ಉಟ್ಟದ್ದು ಕಸೂತಿಯ ರೇಷ್ಮೆಯಲ್ಲ, ‘ಯುಕಾತ’ ಎಂಬ ಬೇಸಗೆಯ ತೆಳು ಉಡುಪು, ನಮ್ಮಲ್ಲಿ ಮನೆಯಲ್ಲುಡುವ ನೂಲಿನ ಸೀರೆಯಂಥದು. ಬಣ್ಣ ಎಷ್ಟು ತೆಳುವೆಂದರೆ ಜಲವರ್ಣವೋ ಎಂಬ ಸಂದೇಹ ಬರುತ್ತದೆ. ಉಡುಪಿನ ತಿಳಿನೀಲಿ ನೀರಿನಲ್ಲೂ ಬೆಟ್ಟದಲ್ಲೂ ಇದೆ. ಇಡೀ ಚಿತ್ರ ಒಂದೇ ತೇವದ ಗಾಳಿಯಲ್ಲಿ ನೆನೆದಂತಿದೆ.

ಹಳೆಯ ಇಕ್ಕಟ್ಟನ್ನು ಕುರೋದ ಇಲ್ಲಿ ಬಿಡಿಸಿದ ಬಗೆಯನ್ನು ಗಮನಿಸಬೇಕು. ಅವನಿಗಿಂತ ಮುಂಚಿನ ಜಪಾನೀ ತೈಲಚಿತ್ರಕಾರರು ನೆರಳಿಗೆ ಕಂದು ಮತ್ತು ಕಪ್ಪನ್ನು ಬಳಸುತ್ತಿದ್ದರು. ಅವರನ್ನು ಜನ ‘ರಾಳದ ಪಂಥ’ ಎಂದು ಕರೆದರು. ಹೊರಬಯಲಿನಲ್ಲಿ ನೆರಳು ಕಪ್ಪಲ್ಲ, ಅದಕ್ಕೂ ಆಕಾಶದ ಬಣ್ಣವಿದೆ ಎಂದು ಕುರೋದನ ಕಡೆಯವರು ನೇರಳೆ ನೀಲಿಗಳನ್ನು ಬಳಸಿದರು. ಅವರು ‘ನೇರಳೆ ಪಂಥ’ದವರಾದರು. ಮೂದಲಿಕೆಯ ಈ ಹೆಸರುಗಳಲ್ಲೇ ಪರಿಹಾರದ ಗುಟ್ಟೂ ಇದೆ. ನೆರಳು ಕಪ್ಪಾಗಿದ್ದರೆ ತಾನೆ ಅದು ಚಿತ್ತಾರವನ್ನು ನುಂಗುವುದು? ತಿಳಿಯಾದ ನೆರಳು ಬಟ್ಟೆಯನ್ನು ಒಡೆಯದೆ ಅದರ ಮೇಲೆ ಹಾಯುತ್ತದೆ. ಮೈಯ ತುಂಬನ್ನು ಹೇಳಲು ಭುಜದ ಬಾಗು, ಕತ್ತಿನ ಇಳಿಜಾರು, ಬೀಸಣಿಗೆ ಹಿಡಿದ ಕೈ, ಇಷ್ಟೇ ಸಾಕಾಯಿತು. ಗೆರೆ ಮತ್ತು ಸಮತಲದ ಹಳೆಯ ನೆನಪೂ ಉಳಿಯಿತು, ಗಾಳಿ ಬೆಳಕುಗಳ ಹೊಸ ವಿದ್ಯೆಯೂ ಬಂತು. ಆದರೆ ಇದು ಬರಿಯ ಬಣ್ಣದ ಉಪಾಯವೆಂದು ನಾನು ಒಪ್ಪಲಾರೆ. ಕುರೋದ ಅಲ್ಲಿ ಬರೆಯಹೊರಟದ್ದು ಉಡುಪನ್ನಲ್ಲ. ತಾನು ಬಲ್ಲ ಒಬ್ಬಳನ್ನು ಬರೆದ. ಅವಳು ಅಂದು ಆ ಉಡುಪು ಉಟ್ಟಿದ್ದಳು.

ಕುರೋದನ ಹಾದಿಯೂ ಹೂವಿನದಾಗಿರಲಿಲ್ಲ. 1895ರಲ್ಲಿ ಕ್ಯೋಟೋದ ಕೈಗಾರಿಕಾ ಪ್ರದರ್ಶನದಲ್ಲಿ ಅವನ ನಗ್ನಚಿತ್ರವೊಂದು ದೊಡ್ಡ ಗದ್ದಲವೆಬ್ಬಿಸಿತ್ತು. 1901ರಲ್ಲಿ ಅವನ ಇನ್ನೊಂದು ನಗ್ನಚಿತ್ರದ ಕೆಳಭಾಗಕ್ಕೆ ಪೊಲೀಸರ ಅಪ್ಪಣೆಯಂತೆ ಬಟ್ಟೆ ಸುತ್ತಿದರು! ಆದರೆ 1896ರಲ್ಲಿ ಟೋಕಿಯೋ ಕಲಾಶಾಲೆಯಲ್ಲಿ ಪಾಶ್ಚಾತ್ಯ ಚಿತ್ರಕಲೆಯ ವಿಭಾಗ ತೆರೆದಾಗ ಅದರ ಹೊಣೆ ಅವನಿಗೇ ಬಂತು. ಅದೇ ವರ್ಷ ಗೆಳೆಯರೊಡನೆ ‘ಬಿಳಿಕುದುರೆ ಸಂಘ’ ಕಟ್ಟಿದ. ಸರೋವರದ ಚಿತ್ರ 1900ರ ಪ್ಯಾರಿಸ್ ಮಹಾಪ್ರದರ್ಶನಕ್ಕೂ ಹೋಗಿಬಂತು. ವಿಸ್ಲರ್ ಮೋನೆಯರ ನಾಡುಗಳ ಕಲೆಗೆ ಜಪಾನು ಕಳಿಸಿದ ಶಾಂತವಾದ ಉತ್ತರವೆಂದು ನಾನು ಅದನ್ನು ಕಾಣುತ್ತೇನೆ. ಈಗ ಅದು ರಾಷ್ಟ್ರದ ಮಹತ್ವದ ಸಾಂಸ್ಕೃತಿಕ ಆಸ್ತಿಯೆಂದು ಘೋಷಿತವಾಗಿ, ಟೋಕಿಯೋದ ಊಎನೊದಲ್ಲಿರುವ ಕುರೋದ ಸ್ಮಾರಕ ಭವನದ ಸಂಗ್ರಹದಲ್ಲಿದೆ. ಅವನ ಸಂಗಡಿಗ ಒಕಾದ ಸಬುರೋಸುಕೆ ಹಳೆಯ ಉಡುಪುಗಳನ್ನು ಪ್ರೀತಿಯಿಂದ ಕೂಡಿಡುತ್ತಿದ್ದವನು. 1927ರಲ್ಲಿ ಅವನು ಬರೆದ ಚಿತ್ರದಲ್ಲಿ ಹೆಂಗಸಿನ ಬೆನ್ನು ನಮ್ಮ ಕಡೆಗಿದೆ. ಹೂವಿನ ಚಿತ್ತಾರದ ಕಿಮೋನೊ ಭುಜದಿಂದ ಜಾರಿದೆ. ಬಟ್ಟೆಯ ಚಪ್ಪಟೆ, ಮೈಯ ತುಂಬು ಎರಡೂ ಅಕ್ಕಪಕ್ಕ ನಿಂತಿವೆ. ಹಾದಿ ತೆರೆದಿತ್ತು ಎಂಬುದಕ್ಕೆ ಇದೊಂದು ಸಾಕ್ಷಿ.

ಎಣ್ಣೆಬಣ್ಣ ಬೇಡವೆಂದ ಒಕಕುರಾನ ಪಕ್ಷ ಸೋತಿತೆಂದು ವಾಚಕರು ತಿಳಿಯಬಾರದು. ಅವನ ಶಿಷ್ಯರಾದ ಯೊಕೊಯಾಮ ತೈಕಾನ್ ಮತ್ತು ಹಿಶಿದ ಶುನ್ಸೊ 1903ರಲ್ಲಿ ಕಲ್ಕತ್ತೆಗೆ ಬಂದರು. ಚಿತ್ರವನ್ನು ನೀರಿನಲ್ಲಿ ತೋಯಿಸಿ ಬಣ್ಣ ಹರಡುವ ಅವರ ಕೈವಾಡವನ್ನು ಕಂಡು ಅವನೀಂದ್ರನಾಥ ಠಾಕೂರರು ತಮ್ಮ ಜಲವರ್ಣದ ರೀತಿಯನ್ನು ರೂಪಿಸಿಕೊಂಡರು. ಮೈಸೂರಿನಿಂದ ಹೋದ ನಮ್ಮ ಕೆ. ವೆಂಕಟಪ್ಪನವರು ಅವರ ಬಳಿ ಕಲಿತರು. ಹೀಗೆ ಜಪಾನಿನಲ್ಲಿ ನಡೆದ ಆ ವಾದದ ಒಂದು ತುದಿ ಕನ್ನಡನಾಡಿಗೂ ಮುಟ್ಟಿತು. ಒಂದು ಪಕ್ಷ ಮಾಧ್ಯಮವನ್ನು ಬಿಟ್ಟು ದೃಷ್ಟಿಯನ್ನು ಉಳಿಸಿಕೊಂಡಿತು. ಇನ್ನೊಂದು ಪರರ ಮಾಧ್ಯಮವನ್ನು ಹಿಡಿದು ಅದನ್ನು ತನ್ನ ದೃಷ್ಟಿಗೆ ಬಗ್ಗಿಸಿಕೊಂಡಿತು. ಎರಡೂ ಕಷ್ಟದ ಕೆಲಸವೇ.

ಈ ಮೂವರು ಹೆಂಗಸರನ್ನು ಒಟ್ಟಿಗೆ ನೆನೆಯುವಾಗ ನನ್ನ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು ಕೊಯಿನಳ ಬಳಿ. ಕಮೀಲಳಿಗೆ ಟೋಪು ಇಟ್ಟು ವೇಷ ಹಾಕಿಸಿದರು. ಅವಳ ಅಭಿಪ್ರಾಯವೇನೆಂದು ಚಿತ್ರ ಹೇಳುವುದಿಲ್ಲ. ತಾನೆಕೊ ತನ್ನ ಚಿತ್ರ ಹುಟ್ಟಿದ ದಿನವನ್ನು ತಾನೇ ನೆನೆದು ಹೇಳುವಷ್ಟು ಭಾಗ್ಯವಂತೆ. ಕೊಯಿನಳಿಂದ ನಮಗೆ ಉಳಿದದ್ದು ಒಂದು ದೂರು ಮಾತ್ರ. ತಕಹಾಶಿಯ ಆ ಚಿತ್ರವೂ ಇಂದು ರಾಷ್ಟ್ರದ ಆಸ್ತಿ. ಟೋಕಿಯೋ ಕಲಾವಿಶ್ವವಿದ್ಯಾಲಯ ಅದನ್ನು ಜೋಪಾನವಾಗಿ ಕಾಪಾಡಿಕೊಂಡಿದೆ. ಮರೆಯಾಗುತ್ತಿದ್ದ ಮುಡಿಯ ಕಟ್ಟನ್ನು ಉಳಿಸಲೆಂದು ಬರೆಸಿದ ಚಿತ್ರ ಅದು. ಇಂದು ಅದರ ಮುಂದೆ ನಿಂತವರು ಮುಡಿಯನ್ನು ನೋಡಿ ಮುಗಿಸಿದಮೇಲೂ ಆ ದಣಿದ ಮುಖವನ್ನೇ ನೋಡುತ್ತ ಉಳಿಯುತ್ತಾರೆ; ಅದು ತನ್ನದಲ್ಲವೆಂದು ಅವಳು ಅತ್ತಿದ್ದ ಮುಖ.